ಶ್ರಾವಣ ಸೋಮವಾರದ ನೂಡಲ್ಸ್

ಎವರ್‌ಗ್ರೀನ್,
ಆಗಸ್ಟ್ ೬

ಮುದ್ದಿನ ತಂಗಿ ಸ್ನೇಹಲ್‌ಗೆ ಅಕ್ಕನ ಅಕ್ಕರೆಗಳು.

ನಾವೆಲ್ಲ ಇಲ್ಲಿ ಆರಾಮ. ನಮ್ಮ ಮನೆ ಹಿಂದಿನ ಗುಡ್ಡ ಒಣಗಿ ಗೋಧಿ ಬಣ್ಣಕ್ಕೆ ತಿರುಗಿದೆ. ಆದರೂ ವುಹಾನ್, ಚೊಂಗ್‌ಚಿಂಗ್‌ಗಳ ಬಿಸಿಲಿನ ಮುಂದೆ ನಮ್ಮದೇನು ಬಿಡು. ಶಾಂಘೈಯಿಂದ ಹಿಡಿದು ಚೀನಾದ ಊರೂರು ಬೇಯುತ್ತಾ ತಿರುಗುತ್ತಿರುವ ನಿಮ್ಮಿಬ್ಬರಿಗೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಳಿಸಿದ್ದೇನೆ. ಗುರುಪ್ರಸಾದನಿಗೂ ಕೊಡು, ಎಲ್ಲ ನೀನೇ ಮುಕ್ಕಬೇಡ.

ಇಲ್ಲಿಯವರೆಗೆ ಜೋರಾಗಿ ಓದು. ಏನು ಬರೆದಿದ್ದಾಳೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಇಲ್ಲೇ ಅಮೆರಿಕದಲ್ಲಿ, ವಾಲ್ನಟ್ ಕ್ರೀಕಿನಲ್ಲಿ ಹುಟ್ಟಿ ಬೆಳೆದ ನಿನ್ನ ಗಂಡನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಮುಂದಿನದನ್ನು ಮನಸ್ಸಿನಲ್ಲೇ ಓದು. ಮುಖದಲ್ಲಿ ನಗು ಇರಲಿ.

ಅಲ್ಲಿಯ ಸೋಮವಾರ ಬೆಳಿಗ್ಗೆ ನಿನ್ನ ಫೋನಿನಿಂದ ಮೆಸೇಜು ಬಂತು, ಹೊಟ್ಟೆ ತುಂಬ ನೂಡಲ್ಸ್ ತಿಂದೆ ಅಂತ. ಶ್ರಾವಣ ಸೋಮವಾರ! ಪರೀಕ್ಷೆ ಇದ್ದಾಗಲೂ, ಜ್ವರ ಬಂದಾಗಲೂ ಸಂಜೆ ಪೂಜೆಯಾಗುವ ತನಕ ಹಾಲು ಬಿಟ್ಟು ಬೇರೇನೂ ಮುಟ್ಟದವಳು ನೀನು. ಅದನ್ನು ಬರೆದದ್ದು ನೀನಲ್ಲ.

ಆಮೇಲೆ ಹಳೆಯವನ್ನೆಲ್ಲ ತೆಗೆದು ನೋಡಿದೆ. ನೀವು ನಾನ್‌ಜಿಂಗ್ ಊರು ಬಿಟ್ಟ ಮೇಲೆ ನಿನ್ನ ದನಿಯೇ ಇಲ್ಲ, ಬರೀ ಟೈಪು ಮಾಡಿದ ಇಂಗ್ಲಿಷು. ಫೋಟೋಗಳಲ್ಲಿ ಊರಿಗೆ ಊರೇ ಬನಿಯನ್ನಿನಲ್ಲಿ ಬೆವರುತ್ತಿದೆ, ನೀನು ಮಾತ್ರ ಮಣಿಕಟ್ಟಿನವರೆಗೆ ತೋಳು ಮುಚ್ಚಿಕೊಂಡಿದ್ದೀಯ. ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ತೊಡಿಸಿದರೆ ರಂಪ ಮಾಡುತ್ತಿದ್ದವಳು! ಫೋನ್ ಮಾಡಿದೆ. ಅವನೇ ಎತ್ತಿ, ನೀನು ಮಲಗಿದ್ದೀಯ ಎಂದ. ಇಷ್ಟು ಹೊತ್ತಿನಲ್ಲಾ ಎಂದೆ. ನಮ್ಮಲ್ಲಿ ಜಗಳವೇನೂ ಆಗಿಲ್ಲ ಎಂದ. ಜಗಳದ ಮಾತು ನಾನೆಲ್ಲಿ ಎತ್ತಿದ್ದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಭಯವಾಗುತ್ತಿದೆ, ಸ್ನೇಹಲ್.

ಈ ಗಂಟು ತಂದವಳು ಲಿನ್. ನನ್ನ ಜೊತೆ ಮೌಂಟನ್ ವ್ಯೂ ಆಫೀಸಿನಲ್ಲಿರುವ ಗಟ್ಟಿಗಿತ್ತಿ. ನೀವೀಗ ಇಳಿದುಕೊಂಡಿರುವ ಚೊಂಗ್‌ಚಿಂಗೇ ಅವಳ ತವರು. ಹೋಟೆಲಿನ ಕೆಳಗೆ ನಿನಗಾಗಿ ಕಾಯುತ್ತಾಳೆ. ಅಕ್ಕನ ಡಬ್ಬಿ ವಾಪಸ್ ಕೊಟ್ಟು ಬರುತ್ತೇನೆ ಎಂದು ಹೇಳಿ ಇಳಿದು ಬಾ. ಬಟ್ಟೆಬರೆ ಅಲ್ಲೇ ಬಿಡು. ಪಾಸ್‌ಪೋರ್ಟು ಅವನ ಹತ್ತಿರವಿದ್ದರೆ ಇರಲಿ, ಅದನ್ನು ಆಮೇಲೆ ನೋಡಿಕೊಳ್ಳೋಣ. ಹಿಂತಿರುಗಿ ಮಾತ್ರ ಮೇಲೆ ಹತ್ತಬೇಡ.

ಅವ್ವನಿಗೆ ಇದೊಂದೂ ಹೇಳಿಲ್ಲ. ಧಾರವಾಡದಲ್ಲಿ ಕೂತು ಅವಳೇನು ಮಾಡಿಯಾಳು? ಹಿಂಡಿ ಕಳಿಸುತ್ತಿರುವುದನ್ನಷ್ಟೇ ತಿಳಿಸಿದೆ, ಅವಳ ಸಮಾಧಾನಕ್ಕೆ.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ಮಾಧುರಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವನ ಫೋನು. ಅಳಿಯನ ಜೊತೆ ಮಾತಾಡಿದಳಂತೆ. ಹೊರಗ ಉಂಡು ಬಾಯಿ ಕೆಟ್ಟಿರ್ತೈತಿ, ಮಾಧುರಿ ತನ್ನ ಗೆಳತಿ ಕೈಯಾಗ ನಿಮ್ಮ ಹೋಟೆಲಿಗೇ ಹಿಂಡಿ ಕಳಸಾಕತ್ತಾಳ ಅಂತ ಖುಷಿಯಿಂದ ಹೇಳಿಬಿಟ್ಟಿದ್ದಾಳೆ. ಈಗಷ್ಟೇ ನಿನ್ನ ಫೋನಿನಿಂದ ಮೆಸೇಜು ಬಂತು: ಇಲ್ಲಿ ಬಿಸಿಲು ತಡೆಯಲಾಗುತ್ತಿಲ್ಲ, ಹೋಟೆಲು ಬಿಟ್ಟು ಹೊರಟೆವು. ಲಿನ್ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಯಾವ ಊರಿಗೆ ಒಯ್ಯಲಿ ಎಂದು ಕೇಳುತ್ತಿದ್ದಾಳೆ.