ಹಂಪಿಗೆ ಹೋಗಿ ಕುಷ್ಕಾ ಮಾಡಿದ್ದು

ಕೆ.ಬಿ. ಬಡಾವಣೆ, ದಾವಣಗೆರೆ
14 ನವೆಂಬರ್ 2024

ಪ್ರೀತಿಯ ಸರ್ವಮಂಗಳಾ,

ಹೇಗಿದ್ದೀಯ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈದರೂ ಬೈದುಕೋ, ನನ್ನನ್ನು ಪ್ರೀತಿಯಿಂದ ಬೈಯಲು ಉಳಿದವಳು ನೀನೊಬ್ಬಳೇ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗಿಂತ ಸೊಸೆಗೇ ಕಿವಿ ಜಾಸ್ತಿ.

ಕೊನೆಗೂ ಹಂಪಿಗೆ ಹೋಗಿಬಂದೆ ಕಣೇ. ಹರಿಹರದ ಸ್ಕೂಲಿನಲ್ಲಿ ಬಂಗಾರಪ್ಪ ಮೇಷ್ಟ್ರು ವಿಜಯನಗರದ ಪಾಠ ಮಾಡುವಾಗ ಇಬ್ಬರೂ ಬಾಯಿ ತೆರೆದುಕೊಂಡು ಕೂತಿರುತ್ತಿದ್ದೆವಲ್ಲ! ರಾಜ ಮಹಾನವಮಿ ದಿಬ್ಬದ ಮೇಲೆ ಕೂತು ಒಂಬತ್ತು ದಿನ ಆನೆ, ಕುದುರೆ, ಕುಸ್ತಿ ನೋಡುತ್ತಿದ್ದದ್ದು, ದಿಬ್ಬದ ಸುತ್ತ ಒಂಟೆಗಳನ್ನೂ ಕುದುರೆ ತಂದ ಪರದೇಶದವರನ್ನೂ ಕೆತ್ತಿರುವುದು, ಒಂದೂ ಮರೆತಿಲ್ಲ. ಸ್ಕೂಲ್ ಟ್ರಿಪ್ಪಿಗೆ ನೀನು ಹೋದೆ, ನನ್ನನ್ನು ನಮ್ಮ ಅಬ್ಬಾ ಕಳಿಸಲಿಲ್ಲ. ಆ ದಿಬ್ಬ ಹತ್ತಿ ಒಮ್ಮೆ ಸುತ್ತ ನೋಡಬೇಕೆಂಬುದು ನಲವತ್ತೈದು ವರ್ಷದ ಆಸೆ. ಅಷ್ಟು ದೊಡ್ಡ ರಾಜಧಾನಿಯಲ್ಲಿ ನನಗೆ ಬೇರೇನೂ ಬೇಡವಾಗಿತ್ತು.

ಕಳೆದ ಭಾನುವಾರ ವ್ಯಾನಿನಲ್ಲಿ ಮನೆಮಂದಿ, ನೆಂಟರು ಸೇರಿ ಹದಿನಾರು ಜನ ಹೊರಟೆವು. ನಮ್ಮವರ ಪದ್ಧತಿ ನಿನಗೆ ಗೊತ್ತು. ಎಲ್ಲಿಗೇ ಹೋದರೂ ಒಲೆ, ದೇಗ್ಚಿ, ಅಕ್ಕಿ ಮೊದಲು ವ್ಯಾನ್ ಹತ್ತುತ್ತವೆ, ಆಮೇಲೆ ಜನ. ಹರಪನಹಳ್ಳಿ ದಾಟುವಷ್ಟರಲ್ಲಿ ಎರಡು ಚೀಲ ಮಂಡಕ್ಕಿ ಖಾಲಿ. "ಹೋಟೆಲ್ನಾಗೆ ಉಂಡ್ರೆ ಬೇಗ ಮುಗೀತೈತ್ರಿ" ಅಂದೆ. ನಮ್ಮ ಮನೆಯವರು ಮಸ್ತಾನಸಾಬರು, "ನಿನ್ ಕೈ ಕುಷ್ಕಾ ಇರೋವಾಗ ಹೋಟ್ಲು ಯಾಕ ಬೇಕು?" ಅಂದರು. ಎಲ್ಲರೂ ಹೌದೌದು ಎಂದು ಹೊಗಳಿ ಅಟ್ಟಕ್ಕೇರಿಸಿದರು. ಇಳಿಸಿದ್ದು ಮಾತ್ರ ಒಲೆಯ ಮುಂದೆ.

ಅವರೆಲ್ಲ ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ ನೋಡಲು ಹೋದರು. ನಾನು ರಸ್ತೆ ಪಕ್ಕದ ಹುಣಸೆ ಮರದಡಿ ಈರುಳ್ಳಿ ಹೆಚ್ಚಿದೆ. ಅಲ್ಲಿಂದ ದಿಬ್ಬಕ್ಕೆ ಹತ್ತೇ ನಿಮಿಷದ ದಾರಿ ಎಂದು ಎಳನೀರಿನವನು ಹೇಳಿದ. ಮಸಾಲೆಗೆ ಅಕ್ಕಿ ಹಾಕಿ, ಮುಚ್ಚಳ ಬಿಗಿದು ಕುಷ್ಕಾ ದಮ್ಮಿಗೆ ಇಟ್ಟು ಎದ್ದೆ. ಆದರೆ ನಮ್ಮತ್ತೆ ಮಾಡಿಟ್ಟ ಕಟ್ಟಳೆಯೊಂದಿದೆ: ಉಣ್ಣುವವರು ಬಂದು ಕೂತ ಮೇಲೆ ದಮ್ಮಿಗೆ ಇಟ್ಟವಳೇ ಮುಚ್ಚಳ ತೆಗೆಯಬೇಕು, ಅಲ್ಲಿಯವರೆಗೆ ಒಲೆ ಬಿಟ್ಟು ಕದಲಬಾರದು. ಅತ್ತೆ ತೀರಿಕೊಂಡು ಹದಿನೆಂಟು ವರ್ಷವಾಯಿತು. ಆದರೂ ಮತ್ತೆ ಕೂತೆನಲ್ಲೇ! ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು.

ಅವರು ಬಂದದ್ದು ನಾಲ್ಕಕ್ಕೆ. ಉಂಡರು, ಮತ್ತೆ ಬಡಿಸಿಕೊಂಡರು, ಕಾಲು ಚಾಚಿದರು. ನಾನು ದೇಗ್ಚಿ ತಿಕ್ಕಿ ಮುಗಿಸಿ ಓಡಿದರೆ ಗೇಟಿನಲ್ಲಿ ವಾಚ್‌ಮನ್, "ಟೈಮ್ ಆತ್ರಿ ಅಮ್ಮಾರ, ನಾಳೆ ಬರ್ರಿ" ಅಂದ. ನಾಳೆ ಬರಲು ಹಂಪಿಯೇನು ನಮ್ಮ ಮಂಡಿಪೇಟೆಯೇ? ಬೇಲಿಯ ಸಂದಿಯಿಂದ ದಿಬ್ಬದ ಒಂದು ಮೂಲೆ ಕಂಡಿತು. ಮೇಲಿದ್ದವರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅಳು ಬಂತು. ವ್ಯಾನಿನಲ್ಲಿ ನಮ್ಮ ಮನೆಯವರು, "ಅಲ್ಲೇನ್ ನೋಡೋದೈತೆ, ಬರೀ ಕಲ್ಲಿನ ಕಟ್ಟೆ, ಅಳಬ್ಯಾಡ" ಎಂದು ಸಮಾಧಾನ ಮಾಡಿದರು. ಆ ಸಮಾಧಾನಕ್ಕೆ ಮೈ ಇನ್ನೂ ಉರಿಯಿತು.

ಇರಲಿ ಬಿಡು. ನಿನ್ನ ಬಿ.ಪಿ. ಹೇಗಿದೆ? ಮಾತ್ರೆ ಮರೆಯಬೇಡ. ಮೊಮ್ಮಗಳಿಗೆ ನನ್ನ ದುವಾ, ನಿಮ್ಮ ಯಜಮಾನರಿಗೆ ನಮಸ್ಕಾರ. ಆ ಮೇಲಿನವನು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಇಮಾಂಬೀ

ತಾ.ಕ.: ನಿನ್ನೆ ಪಕ್ಕದ ಮನೆ ಅಮೀನಾಬೀ ಬಂದಿದ್ದಳು. ಸೊಸೆ ಗುಲ್ನಾಜ್ ಫೋನಿನಲ್ಲಿ ಹಂಪಿಯ ಫೋಟೊ ತೋರಿಸಿದಳು, ಇನ್ನೂರಕ್ಕೂ ಮೇಲಿದ್ದವು. ಎಲ್ಲ ನೋಡಿ ಮುಗಿಸಿ ಅಮೀನಾಬೀ, "ಯಾಕ, ಇಮಾಂಬೀ ಬಂದಿರ್ಲಿಲ್ಲೇನು?" ಅಂದಳು. ಗುಲ್ನಾಜ್ ಕೆಟ್ಟವಳಲ್ಲ ಕಣೇ, ಹಂಪಿಯಲ್ಲಿ ನನ್ನ ಕುಷ್ಕಾ ಎರಡು ಸಲ ಹಾಕಿಸಿಕೊಂಡು ಉಂಡವಳು. ಫೋನಿನಿಂದ ತಲೆ ಎತ್ತದೆ, "ಇಲ್ರಿ, ಅಮ್ಮೀ ಮನ್ಯಾಗೇ ಇದ್ರು" ಅಂದಳು. ನಾನು ಚಹಾದ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. "ಹೌದು" ಅಂದೆ.