ಏಳರಿಂದ ಎಂಟರವರೆಗೆ

ಅತ್ತೆ,

ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ನಮ್ಮ ಮನೆಯಲ್ಲಿ, ಏಳರಿಂದ ಎಂಟು ನನ್ನ ಓದಿನ ಗಂಟೆ ಎಂದು ಗೊತ್ತುಮಾಡಿದವರು ನೀವು. ನಾನು ಕೋಣೆಯಲ್ಲಿ ಅನುವಾದದ ಕಾದಂಬರಿ ಹಿಡಿದರೆ, ನೀವು ಜಗಲಿಯಲ್ಲಿ ಕೂತು ಬಂದವರನ್ನು ತಡೆಯುತ್ತಿದ್ದಿರಿ.

ನಿನ್ನೆ ಎಂಟಕ್ಕೆ ಬಾಗಿಲು ತೆರೆದಾಗ ಜಗಲಿಯಲ್ಲಿ ಅನುಸೂಯಮ್ಮ ಕೂತಿದ್ದರು. ಎದುರುಮನೆಗೆ ಬಾಡಿಗೆಗೆ ಬಂದು ವಾರವಾಗಿದೆ. ಹೋದ ವರ್ಷ ನೀವು ಅದೇ ಜಗಲಿಯಲ್ಲಿ ತೀರಿಕೊಂಡದ್ದು ಅವರಿಗೆ ತಿಳಿಯದು.

“ಬಲ್ಬು ಹಾಕೋಕೆ ಏಣಿ ಬೇಕಿತ್ತು ಕಣಮ್ಮ.”

“ಕರೆಯಬಾರದಿತ್ತಾ?”

“ನಿಮ್ಮತ್ತೆ ಬಿಟ್ರೆ ತಾನೇ? ಸೊಸೆ ಓದ್ತಾವಳೆ, ಎಂಟಕ್ಕೆ ಬತ್ತಾಳೆ ಅಂತ ಕೂರಿಸ್ಬಿಟ್ರು. ಒಳ್ಳೆ ಕಾವಲು. ಪಾಪ, ಎದೆ ಒತ್ಕೊಂಡು ಕೂತಿದ್ರು. ಕೂಗ್ಲಾ ಅಂದ್ರೆ, ಬ್ಯಾಡ, ಇನ್ನೂ ಹತ್ತು ನಿಮಿಷ ಐತೆ ಅಂದ್ರು.”

ನಾನು ಏಣಿ ಕೊಟ್ಟು ಕಳಿಸಿದೆ.

ಹೋದ ವರ್ಷ ಆ ಸಂಜೆ ನಾನು ಬಾಗಿಲು ತೆರೆದಾಗ ನೀವು ಆಗಲೇ ಹೋಗಿದ್ದಿರಿ ಎಂದು ಊರಿಗೆಲ್ಲ ಗೊತ್ತು. ಒಂದು ಅಧ್ಯಾಯ ಉಳಿದಿತ್ತು, ಅತ್ತೆ. ನಾನು ಬಾಗಿಲು ತೆರೆದದ್ದು ಎಂಟು ಇಪ್ಪತ್ತಕ್ಕೆ. ನಿಮ್ಮ ಮಗನಿಗೂ ಸೇರಿ ಎಲ್ಲರಿಗೂ ಎಂಟು ಎಂದೇ ಹೇಳಿದ್ದೇನೆ.

ತ್ರಿಶಲಾ