ಮೋಡ ಕಂಡರೆ ತಿರುಗಿ ಬಾ ಎನ್ನಿ

ಪ್ರೀತಿಯ ಮಾವನವರಿಗೆ, ನಿಮ್ಮ ಹೊಸ ಸೊಸೆಯ ನಮಸ್ಕಾರಗಳು.

ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫೋನಿನಲ್ಲಾದರೆ ಇವರಿಗೆ ಕೇಳಿಸುತ್ತದೆ, ಅದಕ್ಕೇ ಪತ್ರ. ನಿಮ್ಮ ಮಗ ಸ್ನಾನದ ಮನೆಯಲ್ಲಿ ಹಾಡುತ್ತಾರೆ, ನನಗಿಂತ ತೆಳ್ಳಗೆ ಈರುಳ್ಳಿ ಹೆಚ್ಚುತ್ತಾರೆ. ಇಷ್ಟೊಂದು ಸಂತೋಷ ನನಗೆ ದಕ್ಕುತ್ತದೋ ಇಲ್ಲವೋ ಎಂದು ಭಯವಾಗುತ್ತದೆ.

ಮದುವೆ ಊಟದಲ್ಲಿ ನೀವು, "ಮೋಡ ಕಂಡ್ರೆ ಮನೆಗೆ ಓಡಿ ಬರೋ ಪೈಲಟ್ ಇವನು. ಇನ್ನು ಹೆಂಡ್ತಿ ಬೇರೆ ಬಂದ್ಲು, ವಿಮಾನ ಶೆಡ್ ಬಿಟ್ಟು ಏಳಲ್ಲ ಬಿಡಿ" ಎಂದಿರಿ. ಎಲ್ಲರೂ ನಕ್ಕರು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂದಿನಿಂದ ಇವರು ಒಮ್ಮೆಯೂ ಅರ್ಧ ದಾರಿಯಿಂದ ತಿರುಗಿ ಬಂದಿಲ್ಲ.

ಕಳೆದ ವಾರ ಇವರ ಗೆಳೆಯ ಮೋಡದೊಳಗೆ ನುಗ್ಗಿ ಗುಡ್ಡಕ್ಕೆ ಬಡಿದು ತೀರಿಕೊಂಡರು. ವಿಮಾನದಲ್ಲಿ ದೋಷವೇ ಇರಲಿಲ್ಲವಂತೆ, ತಿರುಗಿಸಿದ್ದರೆ ಸಾಕಿತ್ತಂತೆ. ನಿನ್ನೆ ಇವರೂ ಅದೇ ಗುಡ್ಡವನ್ನು ಮೋಡದಲ್ಲೇ ದಾಟಿ ಬಂದರು. ಬೂಟನ್ನೂ ಬಿಚ್ಚದೆ ಹೊಸ್ತಿಲ ಮೇಲೇ ಕೂತುಬಿಟ್ಟರು.

"ಅಲ್ಲಾ ರೀ, ವಾಪಸ್ ಬರಬಾರ್ದಿತ್ತಾ?" ಎಂದೆ.

"ಅಪ್ಪಂಗೆ ಗೊತ್ತಾದ್ರೆ?" ಎಂದರು.

ಇವತ್ತೂ ಮೋಡ ಕವಿದಿದೆ, ಇವರು ಹೊರಡುತ್ತಿದ್ದಾರೆ. ನಾನು ಹೇಳಿದರೆ ಕೆನ್ನೆ ಹಿಂಡಿ ನಗುತ್ತಾರೆ, ಅಷ್ಟೇ. ನೀವೂ ಪೈಲಟ್ ಆಗಿದ್ದಾಗ ಮೋಡ ಕಂಡಾಗಲೆಲ್ಲ ತಿರುಗಿ ಬರುತ್ತಿದ್ದಿರೆಂದು ಅತ್ತೆ ನನಗೆ ಹೇಳಿದ್ದಾರೆ. ದಯವಿಟ್ಟು ಈಗಲೇ ಇವರಿಗೆ ಫೋನ್ ಮಾಡಿ ಅದನ್ನು ನಿಮ್ಮ ಬಾಯಿಂದಲೇ ಹೇಳಿ. ಪತ್ರವನ್ನು ಅಣ್ಣನ ಸ್ಕೂಟರಿನಲ್ಲಿ ಕಳಿಸುತ್ತಿದ್ದೇನೆ.

ಬೇಗ, ಮಾವ. ಇವರ ಒಂದು ಬೂಟನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಪಾಪ, ಮಂಚದ ಕೆಳಗೆ ಹುಡುಕುತ್ತಿದ್ದಾರೆ.

ನಿಮ್ಮ ಕೈ ಹಿಡಿದು ಕೇಳುವ,
ಸೊಸೆ